ಬೇಸಿಗೆಯ ತೇರು, ಊರಿನ ಹೆಗಲು

ಚನ್ನಗಿರಿ ತಾಲ್ಲೂಕಿನ ಸಂತೇಬೆನ್ನೂರಿನಲ್ಲಿ ಊರ ನಡುವೆಯೇ ಒಂದು ಪುಷ್ಕರಣಿ ಇದೆ. ನಾಲ್ಕೂ ಕಡೆ ಕಲ್ಲಿನ ಮೆಟ್ಟಿಲು, ನಡುನೀರಿನಲ್ಲಿ ಮಂಟಪ. ವಸಂತ ಮಂಟಪ ಎಂದು ಅದರ ಹೆಸರು. 16ನೇ ಶತಮಾನದಲ್ಲಿ ಪಾಳೆಯಗಾರ ಹನುಮಪ್ಪ ನಾಯಕ ಕಟ್ಟಿಸಿದ್ದು. ಮುಂದೆ ಬಿಜಾಪುರದ ರಣದುಲ್ಲಾ ಖಾನನ ದಂಡು ಬಂತು, ರಂಗನಾಥನ ಗುಡಿ ಹೋಯಿತು, ದಡದಲ್ಲಿ ಮುಸಾಫಿರ್‌ಖಾನೆ ಎದ್ದಿತು. ನಡುಗಡ್ಡೆಯಂಥ ಆ ಮಂಟಪ ಮಾತ್ರ ಇಂದಿಗೂ ನೀರಲ್ಲೇ ನಿಂತಿದೆ. ಬಿಸಿಲು ನೆತ್ತಿ ಸುಡುವ ತಿಂಗಳುಗಳಲ್ಲೇ ಊರಿಗೆ ಊರೇ ಬೀದಿಗಿಳಿದು ಹಬ್ಬ ಮಾಡುವ ಸೀಮೆ ಇದು. ಹಾಗೆ ಹಬ್ಬ ಮಾಡುವವರಿಗೆ ನೀರಿನ ಆಸರೆ ಎಷ್ಟು ಮುಖ್ಯ ಎಂಬುದು ಇಲ್ಲಿನ ಮೆಟ್ಟಿಲ ಮೇಲೆ ಕೂತವರಿಗೆ ತಾನೇ ತಿಳಿಯುತ್ತದೆ.

ದಾವಣಗೆರೆ ಜಿಲ್ಲೆ ಹುಟ್ಟಿದ್ದು 1997ರಲ್ಲಿ. ಚನ್ನಗಿರಿ, ಹೊನ್ನಾಳಿ ಶಿವಮೊಗ್ಗದಿಂದ ಬಂದವು, ಜಗಳೂರು ಚಿತ್ರದುರ್ಗದಿಂದ. ನ್ಯಾಮತಿ ಈಚೆಗೆ ಹೊನ್ನಾಳಿಯಿಂದ ಬೇರೆಯಾಗಿ ತಾಲ್ಲೂಕಾಯಿತು. ಜಿಲ್ಲೆ ಒಂದಾದರೂ ನೆಲದ ಗುಣ ಒಂದಲ್ಲ. ಚನ್ನಗಿರಿಯಲ್ಲಿ ಅಡಿಕೆ ತೋಟ, ಭದ್ರಾ ನಾಲೆಯ ಗದ್ದೆ, ಸೂಳೆಕೆರೆಯ ಹರವು. ಹೊನ್ನಾಳಿಗೆ ತುಂಗಭದ್ರೆ ಇದ್ದಾಳೆ. ನ್ಯಾಮತಿ ಮಲೆನಾಡಿನ ಸೆರಗು. ಜಗಳೂರು ಮಳೆಯನ್ನೇ ನಂಬಿದ ಕರಿ ಕೆಂಪು ಹೊಲಗಳ ಬಯಲು. ಹಾಗಾಗಿ ಬೇಸಿಗೆಯ ಜಾತ್ರೆಯೂ ಒಂದೊಂದು ಕಡೆ ಒಂದೊಂದು ಚಹರೆಯದು.

ಈ ಸಾಲು ಶುರುವಾಗುವುದು ನ್ಯಾಮತಿ ತಾಲ್ಲೂಕಿನ ಸೂರಗೊಂಡನಕೊಪ್ಪದಲ್ಲಿ, ಚಳಿ ಇನ್ನೂ ಪೂರ್ತಿ ಬಿಟ್ಟಿರದ ಫೆಬ್ರವರಿಯಲ್ಲಿ. ಬಂಜಾರರ ಆರಾಧ್ಯ ಸಂತ ಸೇವಾಲಾಲರು 1739ರ ಫೆಬ್ರವರಿ 15ರಂದು ಹುಟ್ಟಿದ ನೆಲ ಅದು. ಅಲ್ಲಿನ ಭಾಯಗಡ್ ಎಂದರೆ ದೇಶದ ಯಾವ ತಾಂಡಾದವರಿಗೂ ಗೊತ್ತು. ಮಾಲೆ ಧರಿಸಿದ ಭಕ್ತರು ದಿನಗಟ್ಟಲೆ ನಡೆದು ಬರುತ್ತಾರೆ. ಮಹಾರಾಷ್ಟ್ರ, ತೆಲಂಗಾಣ, ಆಂಧ್ರದ ಗಾಡಿಗಳು ಸಾಲುಗಟ್ಟುತ್ತವೆ. ಸೇವಾಲಾಲರ ಗುಡಿ, ಮರಿಯಮ್ಮನ ಗುಡಿಗಳ ಮುಂದೆ ಬೆಂಕಿಗೆ ತುಪ್ಪ, ಸಿಹಿ ಅರ್ಪಿಸುವ ಭೋಗ್ ನಡೆಯುತ್ತದೆ. ಕನ್ನಡಿ ಚೂರು ಹೊಲಿದ ಲಂಗ ತೊಟ್ಟ ಅಜ್ಜಿಯರು ವೃತ್ತದಲ್ಲಿ ಹೆಜ್ಜೆ ಹಾಕುತ್ತ ಗೋರ್ ಬೋಲಿಯಲ್ಲಿ ಹಾಡುತ್ತಾರೆ. ಲಿಪಿಯಿಲ್ಲದ ಆ ಭಾಷೆಯನ್ನು ಉಳಿಸಿಕೊಂಡು ಬಂದಿರುವುದು ಪುಸ್ತಕವಲ್ಲ, ಇಂಥ ಸೇರುವಿಕೆಗಳು. ಕಬ್ಬು ಕಡಿಯಲು, ಕಾಫಿ ತೋಟಕ್ಕೆ, ಬೆಂಗಳೂರಿನ ಕಟ್ಟಡ ಕೆಲಸಕ್ಕೆ ಚದುರಿ ಹೋದ ಮನೆಮಂದಿ ಒಂದೆಡೆ ಕೂಡುವುದೂ ಇಲ್ಲೇ.

ಶಿವರಾತ್ರಿ ಮುಗಿದು ಫಾಲ್ಗುಣ ಬಂದರೆ ಜಗಳೂರು ಕಡೆಯವರ ಕಣ್ಣು ಪಕ್ಕದ ನಾಯಕನಹಟ್ಟಿಯ ಕಡೆಗೆ. ತಿಪ್ಪೇರುದ್ರಸ್ವಾಮಿಯ ತೇರಿಗೆ ಹೋಗಿ ಕೊಬ್ಬರಿ ಸುಟ್ಟು ಬರುವುದು ಎಷ್ಟೋ ಮನೆಗಳ ಹರಕೆ. ಆ ಸ್ವಾಮಿಯನ್ನು ಜನ ನೆನೆಯುವುದು ಪವಾಡಕ್ಕಷ್ಟೇ ಅಲ್ಲ, ಕೆರೆ ಕಟ್ಟಿಸಿದ್ದಕ್ಕೂ ಹೌದು. ಬರದ ಸೀಮೆಯಲ್ಲಿ ದೇವರಾಗುವುದಕ್ಕೆ ಇದಕ್ಕಿಂತ ದೊಡ್ಡ ಅರ್ಹತೆ ಬೇರೆ ಬೇಕಿಲ್ಲ. ಜಗಳೂರಿನದೇ ಕೊಡದಗುಡ್ಡದಲ್ಲಿ ವೀರಭದ್ರನ ತೇರು. ಬೋಳು ಗುಡ್ಡ, ಕಾದ ಬಂಡೆ, ಸಮಾಳದ ಬಡಿತ, ಪುರವಂತರ ಒಡಪು. ಒಡಪಿನ ಒಂದೊಂದು ನುಡಿ ಮುಗಿದಾಗಲೂ ನೆರೆದವರು ಒಟ್ಟಿಗೆ ಕೂಗುವ ಉದ್ಘೋಷ ಗುಡ್ಡಕ್ಕೆ ತಾಗಿ ಹಿಂದಿರುಗುತ್ತದೆ.

ಯುಗಾದಿಗೆ ಬೇವು ಬೆಲ್ಲ ಎಲ್ಲ ಕಡೆಯೂ ಇದೆ. ಈ ಕಡೆಯವರಿಗೆ ಮಾರನೆಯ ದಿನದ ಚಂದ್ರದರ್ಶನವೇ ಹೆಚ್ಚು. ಸಂಜೆ ಊರಿನವರೆಲ್ಲ ಬಯಲಿಗೆ ಬಂದು ಪಡುವಣಕ್ಕೆ ಮುಖ ಮಾಡಿ ನಿಲ್ಲುತ್ತಾರೆ. ಮೊದಲು ಕಂಡವರು ಕೂಗುತ್ತಾರೆ. ಚಂದ್ರನ ಯಾವ ಕೋಡು ಮೇಲಿದೆ ಎಂದು ನೋಡಿ ಮುಂದಿನ ಬೆಳೆಯ ಲೆಕ್ಕ ಹಾಕುವ ಹಿರಿಯರು ಇನ್ನೂ ಇದ್ದಾರೆ. ಆಮೇಲೆ ಚಿಕ್ಕವರು ದೊಡ್ಡವರ ಕಾಲಿಗೆ ಬೀಳುವುದು. ವರ್ಷವಿಡೀ ಮಾತು ಬಿಟ್ಟ ಅಣ್ಣತಮ್ಮಂದಿರು ಆ ಹೊತ್ತಿಗೆ ಮುಖ ತಿರುಗಿಸುವ ಹಾಗಿಲ್ಲ.

ಮಾರಿಹಬ್ಬದ ಮಾತು ಬೇರೆ. ಮೂರು ವರ್ಷಕ್ಕೋ ಐದು ವರ್ಷಕ್ಕೋ ಒಮ್ಮೆ ಬರುವ ಹಬ್ಬ ಅದು. ತಿಂಗಳುಗಳ ಮೊದಲೇ ಹಿರಿಯರು ಗುಡಿ ಕಟ್ಟೆಯ ಮೇಲೆ ಕೂಡುತ್ತಾರೆ. ಮನೆಗೆ ಇಷ್ಟು ಎಂದು ವಂತಿಗೆ ಗೊತ್ತಾಗುತ್ತದೆ. ಬಡಗಿಗೆ ತೇರಿನ ಕೆಲಸ, ಗಾಲಿಗೆ ಸನ್ನೆ ಹಾಕುವವರು ಯಾರು, ಹಗ್ಗ ಯಾರದು, ಡೊಳ್ಳಿನ ಮೇಳ ಯಾವ ಊರಿನದು, ಪಂಜು ಯಾರ ಮನೆಯದು, ನೀರಿನ ಟ್ಯಾಂಕರ್ ಎಲ್ಲಿಂದ, ಎಲ್ಲವೂ ಅಲ್ಲೇ ತೀರ್ಮಾನ. ಊರ ಹಬ್ಬದ ಜೀವ ಇರುವುದು ತೇರು ಎಳೆಯುವ ಆ ಅರ್ಧ ತಾಸಿನಲ್ಲಿ ಅಲ್ಲ, ಈ ಹಂಚಿಕೆಯಲ್ಲಿ. ಸನ್ನೆ ಹಾಕುವವನ ಕಣ್ಣು ಒಂದು ಕ್ಷಣ ತಪ್ಪಿದರೆ ತೇರು ಜನರ ಮೇಲೆ ಹರಿಯುತ್ತದೆ. ಆ ಕೆಲಸ ಬಲ್ಲ ಮನೆತನಗಳಿಗೆ ಊರು ಕೊಡುವ ಮರ್ಯಾದೆ ಯಾವ ಸನ್ಮಾನಕ್ಕೂ ಕಡಿಮೆಯಲ್ಲ.

ಆದರೆ ಇದೇ ಹಂಚಿಕೆಯಲ್ಲಿ ಜಾತಿಯ ಗೆರೆಯೂ ಇದೆ. ತಮಟೆ ಬಡಿಯುವವರು ಬೇಕು, ಅವರು ಗುಡಿಯ ಒಳಗೆ ಬರುವುದು ಬೇಡ ಎಂಬ ಮನಸ್ಸು ಎಲ್ಲ ಊರುಗಳಲ್ಲೂ ಸತ್ತಿಲ್ಲ. ಪ್ರಾಣಿಬಲಿ ತಡೆಯುವ ಕಾಯ್ದೆ 1959ರಷ್ಟು ಹಳೆಯದು, ಆದರೂ ಪ್ರತಿ ಮಾರಿಹಬ್ಬಕ್ಕೂ ಪೊಲೀಸರು ಕಾಯುತ್ತಾರೆ. ಇನ್ನು ನೆಂಟರನ್ನು ಕರೆದು ಊಟ ಹಾಕುವ ಖರ್ಚು. ತವರಿಗೆ ಬರುವ ಹೆಣ್ಣುಮಕ್ಕಳಿಗೆ ಸೀರೆ, ಅಳಿಯನಿಗೆ ಬಟ್ಟೆ, ನೂರಾರು ಜನರಿಗೆ ಅಡುಗೆ. ಕೂಲಿ ಮಾಡುವ ಮನೆಯೂ ಇದರಿಂದ ತಪ್ಪಿಸಿಕೊಳ್ಳಲಾರದೆ ಸಂಘದಲ್ಲಿ ಸಾಲ ಎತ್ತುತ್ತದೆ. ಕೆಲವು ಮಠಗಳು ಜಾತ್ರೆಯಲ್ಲೇ ಸಾಮೂಹಿಕ ವಿವಾಹ, ಒಂದೇ ಪಂಕ್ತಿಯ ದಾಸೋಹ ನಡೆಸಿ ಈ ಭಾರ ಇಳಿಸಿವೆ. ಊರ ಹಬ್ಬಗಳೂ ಒಂದೇ ಒಲೆಗೆ ಬಂದರೆ ಎಷ್ಟೋ ಮನೆಗಳು ಉಸಿರಾಡುತ್ತವೆ.

ನೀರು ಈ ಹಬ್ಬಗಳ ಲಯವನ್ನೇ ಬದಲಿಸಿದೆ. ಸುಗ್ಗಿ ಮುಗಿದು ಮುಂಗಾರು ಬರುವವರೆಗೆ ಹೊಲಕ್ಕೆ ಕೆಲಸವಿಲ್ಲ ಎಂಬ ಬಿಡುವಿನ ಮೇಲೆ ಜಾತ್ರೆಗಳು ನಿಂತಿದ್ದವು. ನಾಲೆ ಬಂದ ಮೇಲೆ ಚನ್ನಗಿರಿಯ ಗದ್ದೆ ಬಯಲಲ್ಲಿ ಆ ಬಿಡುವು ಇಲ್ಲ. ಬೇಸಿಗೆ ಭತ್ತಕ್ಕೆ ಭದ್ರಾ ನೀರು ಆನ್ ಆದರೆ ಜಾತ್ರೆಯ ದಿನವೂ ರೈತ ರಾತ್ರಿ ಬ್ಯಾಟರಿ ಹಿಡಿದು ಗದ್ದೆ ಬದುವಿನ ಮೇಲಿರುತ್ತಾನೆ. ಜಗಳೂರಿನಲ್ಲಿ ಬಿಡುವು ಬೇಕಾದಷ್ಟಿದೆ, ಇಲ್ಲದ್ದು ನೀರು. ಸಿರಿಗೆರೆ ಮಠದ ತರಳಬಾಳು ಹುಣ್ಣಿಮೆಯನ್ನು ಶಿವಕುಮಾರ ಶಿವಾಚಾರ್ಯರು ಊರೂರಿಗೆ ಒಯ್ಯಲು ಆರಂಭಿಸಿದ್ದು 1950ರಲ್ಲಿ, ಜಗಳೂರಿನಿಂದಲೇ. 2018ರಲ್ಲಿ ಅದು ಮತ್ತೆ ಜಗಳೂರಿಗೆ ಬಂದಾಗ ಒಂಬತ್ತು ದಿನದ ಆ ವೇದಿಕೆಯಲ್ಲಿ ಹಾಡು, ಚಿಂತನೆಗಳ ನಡುವೆ ಎದ್ದ ದೊಡ್ಡ ದನಿ ಕೆರೆಗಳದು. ಹರಿಹರದ ದೀಟೂರಿನ ಬಳಿಯಿಂದ ತುಂಗಭದ್ರೆಯ ನೀರೆತ್ತಿ 57 ಕೆರೆ ತುಂಬಿಸುವ ಯೋಜನೆ ಆಮೇಲೆ ಕೈಗೂಡಿತು. ಹಬ್ಬದ ಪೆಂಡಾಲಿನಿಂದ ಕೆರೆಗೆ ನೀರು ಬರುವಂತಾದದ್ದನ್ನು ನಾನು ಬಹಳ ದೊಡ್ಡ ಸಂಗತಿ ಎಂದು ತಿಳಿದಿದ್ದೇನೆ.

ಇಷ್ಟೆಲ್ಲದರ ನಡುವೆ ನನ್ನ ಮನಸ್ಸು ಹೆಚ್ಚು ನಿಲ್ಲುವುದು ತೇರಿನ ಮಾರನೆಯ ರಾತ್ರಿಯ ನಾಟಕದಲ್ಲಿ. ದಾವಣಗೆರೆ ಕೆ.ಬಿ.ಆರ್. ಡ್ರಾಮಾ ಕಂಪನಿಯ ಊರು, ಚಿಂದೋಡಿ ಲೀಲಾ ಬೆಳೆದ ಊರು. ಆ ಗಾಳಿ ಸುತ್ತಲ ಹಳ್ಳಿಗಳಿಗೂ ಹಬ್ಬಿದೆ. ಎರಡು ಮೂರು ತಿಂಗಳ ಮೊದಲು ಹಾರ್ಮೋನಿಯಂ ಮಾಸ್ತರು ಊರಿಗೆ ಬರುತ್ತಾರೆ. ಶಾಲೆಯ ಪಡಸಾಲೆಯಲ್ಲಿ ರಾತ್ರಿ ಅಭ್ಯಾಸ. ಹಗಲು ಟ್ರ್ಯಾಕ್ಟರ್ ಓಡಿಸಿದವನು ರಾತ್ರಿ ದುರ್ಯೋಧನ, ಚೇಣಿ ತೋಟ ಕಾಯುವವನು ಶಕುನಿ. ಅಕ್ಷರ ಬಾರದವರೂ ಕಂದಗಲ್ ಹನುಮಂತರಾಯರ ‘ರಕ್ತರಾತ್ರಿ’ಯ ಮಾತುಗಳನ್ನು ಕೇಳಿ ಕೇಳಿಯೇ ಬಾಯಿಪಾಠ ಮಾಡುತ್ತಾರೆ. ಸೀನರಿ ಬಾಡಿಗೆಗೆ, ಸ್ತ್ರೀಪಾತ್ರಕ್ಕೆ ಪಟ್ಟಣದ ಕಲಾವಿದೆಯರು, ಬಣ್ಣದ ಹ್ಯಾಂಡ್‌ಬಿಲ್‌ನಲ್ಲಿ ಎಲ್ಲರ ಹೆಸರು. ರಾತ್ರಿ ಹತ್ತರ ಮೇಲೆ ಪರದೆ ಎದ್ದರೆ ಮುಗಿಯುವುದು ಕೋಳಿ ಕೂಗಿದ ಮೇಲೆ. ನಡುನಡುವೆ ಮುಯ್ಯಿ: ನೆಂಟರು ವೇದಿಕೆ ಹತ್ತಿ ಭೀಮನಿಗೆ ಹಾರ ಹಾಕಿ, ಬಟ್ಟೆಗೆ ನೋಟು ಸಿಕ್ಕಿಸಿ ಇಳಿಯುತ್ತಾರೆ. ಯುದ್ಧ ಅಷ್ಟು ಹೊತ್ತು ನಿಂತು ಕಾಯುತ್ತದೆ. ಮಂಡಕ್ಕಿ ಮಿರ್ಚಿಯ ಪೊಟ್ಟಣ ಹಿಡಿದು ಚಾಪೆಯ ಮೇಲೆ ಕೂತವರಿಗೆ ಅದರಿಂದ ಬೇಸರವಿಲ್ಲ. ಭೀಮ ಅವರ ಮಾವನ ಮಗ.

ಈಗ ಎಷ್ಟೋ ಊರುಗಳಲ್ಲಿ ಆ ರಾತ್ರಿ ಡಿ.ಜೆ. ಮತ್ತು ಆರ್ಕೆಸ್ಟ್ರಾದ ಪಾಲಾಗಿದೆ. ಹುಡುಗರನ್ನು ದೂರಲಾರೆ. ಮೂರು ತಿಂಗಳು ಊರಲ್ಲಿ ಇದ್ದು ಅಭ್ಯಾಸ ಮಾಡಲು ಅವರು ಊರಲ್ಲೇ ಇಲ್ಲ. ಜಾತ್ರೆಗೆಂದು ಎರಡು ದಿನ ರಜೆ ಹಾಕಿ ಬರುತ್ತಾರೆ. ಆದರೆ ಕುಣಿಸುವ ಪೆಟ್ಟಿಗೆ ಬಾಡಿಗೆಗೆ ಸಿಕ್ಕೀತು, ಊರವನೇ ಭೀಮನಾಗುವ ಹೆಮ್ಮೆ ಬಾಡಿಗೆಗೆ ಸಿಗುವುದಿಲ್ಲ. ಪಾತ್ರ ಮಾಡಿದವನನ್ನು ಊರು ಆಮೇಲೆ ಬದುಕಿರುವ ತನಕ ಆ ಹೆಸರಿನಿಂದಲೇ ಕರೆಯುತ್ತದೆ.

ಇದಕ್ಕೆ ಮಾಡಬಹುದಾದ ಕೆಲಸಗಳಿವೆ. ಕನ್ನಡ ಮತ್ತು ಸಂಸ್ಕೃತಿ ಇಲಾಖೆ ಹಿರಿಯ ಕಲಾವಿದರಿಗೆ ಮಾಸಾಶನ ಕೊಡುತ್ತದೆ. ಈ ನಾಲ್ಕು ತಾಲ್ಲೂಕುಗಳ ಹಾರ್ಮೋನಿಯಂ ಮಾಸ್ತರುಗಳು, ಪುರವಂತರು, ಲಂಬಾಣಿ ಹಾಡುಗಾರ್ತಿಯರು, ಡೊಳ್ಳಿನ ಹಿರಿಯರು ಅರ್ಜಿ ಬರೆಯಲು ಗೊತ್ತಿಲ್ಲದೆ ಅದರಿಂದ ಹೊರಗುಳಿಯಬಾರದು. ಪ್ರತಿ ಗ್ರಾಮ ಪಂಚಾಯಿತಿಯಲ್ಲಿ ಓದು ಬಲ್ಲ ಒಬ್ಬ ಹುಡುಗಿ ಅಥವಾ ಹುಡುಗ ಕೂತು ಆ ಅರ್ಜಿಗಳನ್ನು ತುಂಬಿಕೊಡಲಿ. ಬೇಸಿಗೆ ರಜೆಯಲ್ಲಿ ಶಾಲೆಯ ಕೋಣೆಗಳು ಖಾಲಿ ಇರುತ್ತವೆ. ಮಾಸ್ತರರನ್ನು ಅಲ್ಲಿಗೆ ಕರೆದು ಮಕ್ಕಳಿಗೆ ಒಂದು ಸಣ್ಣ ನಾಟಕ ಕಲಿಸಲು ಹೇಳಲಿ. ರೋಹಿಣಿ ಮಳೆ ಬಿದ್ದು ಮೆಕ್ಕೆಜೋಳದ ಬಿತ್ತನೆ ಹಿಡಿಯುವ ಮೊದಲು ಅದನ್ನು ಊರ ಮುಂದೆ ಆಡಿಸಲು ಸಾಕಷ್ಟು ದಿನಗಳಿವೆ.