ಅಲಮಾರಿಯ ಬೀಗ ತೆಗೆಯೋಣವೇ?



2019ರ ಡಿಸೆಂಬರ್ 26 ನಮ್ಮಲ್ಲಿ ಅನೇಕರಿಗೆ ನೆನಪಿರಬಹುದು. ಅಂದು ಕ್ರಿಸ್ತಜಯಂತಿಯ ಮರುದಿನ. ಮನೆಗಳಲ್ಲಿ ಗೋದಲಿಯ ದೀಪ ಇನ್ನೂ ಉರಿಯುತ್ತಿತ್ತು, ಮಕ್ಕಳು ಹಬ್ಬದ ತಿಂಡಿಯ ಡಬ್ಬಿ ಬಿಟ್ಟು ಏಳುತ್ತಿರಲಿಲ್ಲ. ಬೆಳಿಗ್ಗೆ ಎಂಟು ಗಂಟೆಯ ಸುಮಾರಿಗೆ ಸೂರ್ಯಗ್ರಹಣ ಹಿಡಿಯಿತು. ಕಾಸರಗೋಡು, ಮಂಗಳೂರು, ಮಡಿಕೇರಿಯ ಕಡೆಯವರಿಗೆ ಸೂರ್ಯ ಬೆಂಕಿಯ ಬಳೆಯಂತೆ ಕಂಡ. ನಮ್ಮ ಕಲಬುರಗಿಯಲ್ಲಿ ಪೂರ್ಣ ಬಳೆ ಕಾಣದಿದ್ದರೂ ಸೂರ್ಯನ ಬಹುಭಾಗ ಮರೆಯಾಗಿತ್ತು. ಅದೇ ಬೆಳಿಗ್ಗೆ ನಗರದ ಸಮೀಪದ ತಾಜಸುಲ್ತಾನಪುರದಲ್ಲಿ ಅಂಗವೈಕಲ್ಯವಿದ್ದ ಪುಟ್ಟ ಮಕ್ಕಳನ್ನು ಕುತ್ತಿಗೆಯವರೆಗೆ ಮಣ್ಣಿನಲ್ಲಿ ಹೂತಿದ್ದರು. ಗ್ರಹಣದ ಹೊತ್ತಿನಲ್ಲಿ ಹೀಗೆ ಮಾಡಿದರೆ ಕೈಕಾಲು ಸರಿಹೋಗುತ್ತವೆ ಎಂಬ ನಂಬಿಕೆ. ಆ ಚಿತ್ರ ದೇಶದ ಪತ್ರಿಕೆಗಳಲ್ಲೆಲ್ಲ ಬಂತು.

ಆ ತಂದೆತಾಯಿಯರನ್ನು ಹಳಿಯುವುದು ಸುಲಭ. ಆದರೆ ಅವರು ಮಕ್ಕಳ ಮೇಲಿನ ದ್ವೇಷದಿಂದ ಹಾಗೆ ಮಾಡಲಿಲ್ಲ. ದವಾಖಾನೆಗಳಿಗೆ ಅಲೆದು ಸೋತವರು, ಯಾರೋ ಹೇಳಿದ ಕಡೆಯ ದಾರಿ ಹಿಡಿದರು. ನಾವು ಕೇಳಿಕೊಳ್ಳಬೇಕಾದ ಪ್ರಶ್ನೆ ಬೇರೆ ಇದೆ. ಅಂದು ಓದುಬರಹ ಬಲ್ಲ ನಮ್ಮ ಮನೆಗಳಲ್ಲಿ ಏನಾಯಿತು? ನಿಜ ಹೇಳಬೇಕೆಂದರೆ ನಮ್ಮಲ್ಲೂ ಹಲವರು ಕಿಟಕಿ ಮುಚ್ಚಿದೆವು, ಒಲೆ ಹಚ್ಚಲಿಲ್ಲ, ಮಕ್ಕಳನ್ನು ಅಂಗಳಕ್ಕೆ ಬಿಡಲಿಲ್ಲ. ಗ್ರಹಣದ ಪಾಠ ಪುಸ್ತಕದಲ್ಲಿದೆ, ಚಿತ್ರವೂ ಇದೆ. ಸೂರ್ಯ, ಚಂದ್ರ, ಭೂಮಿ ಒಂದೇ ಸಾಲಿನಲ್ಲಿ ಬರುವುದನ್ನು ಬರೆದು ನಮ್ಮ ಮಕ್ಕಳು ಪೂರ್ತಿ ಅಂಕ ತಂದಿದ್ದಾರೆ. ಹಾಗೆ ಅಂಕ ತಂದ ಮಗುವೇ ಅಂದು ಹೊದಿಕೆ ಎಳೆದುಕೊಂಡು ಒಳಗೆ ಕುಳಿತಿತ್ತು.

ಹೀಗೇಕಾಯಿತು? ನಮ್ಮಲ್ಲೊಬ್ಬರು ತಾವು ಓದಿದ ಶಾಲೆಯ ಕಥೆ ಹೇಳುತ್ತಾರೆ. ಅಲ್ಲಿ ವಿಜ್ಞಾನದ ಸಾಮಾನು ತುಂಬಿದ ಗಾಜಿನ ಅಲಮಾರಿ ಇತ್ತು. ಅದರೊಳಗೆ ಪ್ರನಾಳಗಳು, ಮಸೂರಗಳು, ಒಂದು ಸೂಕ್ಷ್ಮದರ್ಶಕ. ಮೂರು ವರ್ಷದಲ್ಲಿ ಅದರ ಬೀಗ ತೆಗೆದದ್ದು ಎರಡೇ ಸಲ, ಎರಡೂ ಸಲ ಮೇಲಧಿಕಾರಿಗಳು ತಪಾಸಣೆಗೆ ಬಂದಾಗ! ಮೇಷ್ಟ್ರು ಕೆಟ್ಟವರಾಗಿರಲಿಲ್ಲ. ಒಂದು ಗಾಜು ಒಡೆದರೆ ಲೆಕ್ಕ ಕೊಡಬೇಕಾದವರು ಅವರು. ಗಣಿತವೂ ಅವರದೇ, ವಿಜ್ಞಾನವೂ ಅವರದೇ, ನಡುವೆ ನೂರೆಂಟು ದಾಖಲೆ ಬರೆಯುವ ಕೆಲಸ. ಪೋರ್ಷನ್ ಮುಗಿಯಬೇಕು, ಪರೀಕ್ಷೆ ಬರುತ್ತದೆ. ಇಂಥ ಒತ್ತಡದಲ್ಲಿ ಯಾರೇ ಆದರೂ ಪ್ರಯೋಗವನ್ನು ಕಪ್ಪುಹಲಗೆಯ ಮೇಲೆ ಬರೆದು ಮುಗಿಸುತ್ತಾರೆ. ಆದ್ದರಿಂದ ಶಿಕ್ಷಕರಿಗೆ ಇನ್ನೊಂದು ಉಪದೇಶ ಮಾಡಲು ನಾವು ಈ ಲೇಖನ ಬರೆಯುತ್ತಿಲ್ಲ. ಅಲಮಾರಿಯ ಬೀಗ ತೆಗೆಯದಿದ್ದರೂ ಮಾಡಬಹುದಾದ ವಿಜ್ಞಾನ ನಮ್ಮ ಊರಿನಲ್ಲೇ ಎಷ್ಟಿದೆ, ಅದಕ್ಕೆ ಮನೆಯವರಾದ ನಾವು ಹೇಗೆ ಕೈಜೋಡಿಸಬಹುದು ಎಂಬುದನ್ನು ಹಂಚಿಕೊಳ್ಳುವುದು ನಮ್ಮ ಉದ್ದೇಶ.

ಮೊದಲು ಕಮಲಾಪುರಕ್ಕೆ ಹೋಗೋಣ. ಕಲಬುರಗಿಯಿಂದ ಹುಮನಾಬಾದ್ ರಸ್ತೆಯಲ್ಲಿ ಸುಮಾರು 35 ಕಿಲೋಮೀಟರ್. ಕಮಲಾಪುರ ಎಂದ ಕೂಡಲೇ ನೆನಪಾಗುವುದು ಅಲ್ಲಿಯ ಕೆಂಪು ಬಾಳೆ. ಭೌಗೋಳಿಕ ಸೂಚಕ ಮಾನ್ಯತೆ ಪಡೆದ, ಸ್ವಲ್ಪ ದುಬಾರಿಯಾದ ಹಣ್ಣು. ಹಳದಿ ಬಾಳೆಯಾದರೆ ಹಸಿರು ಹೋಗಿ ಹಳದಿ ಬಂದಾಗ ಹಣ್ಣಾಯಿತು ಎನ್ನುತ್ತೇವೆ. ಕೆಂಪು ಬಾಳೆ ಕಾಯಿಯಾಗಿದ್ದಾಗಲೂ ಕೆಂಪೇ. ಹಾಗಾದರೆ ಒಳಗೆ ಹಣ್ಣಾಗಿದೆಯೋ ಇಲ್ಲವೋ ತಿಳಿಯುವುದು ಹೇಗೆ? ಅಜ್ಜಿ ಬೆರಳಿನಿಂದ ಒತ್ತಿ ನೋಡುತ್ತಾಳೆ. ತರಗತಿಯಲ್ಲಿ ಇನ್ನೊಂದು ಉಪಾಯವಿದೆ.

ಔಷಧಿ ಅಂಗಡಿಯಲ್ಲಿ ಸಿಗುವ ಟಿಂಚರ್ ಅಯೋಡಿನ್ ತಂದು, ನೀರು ಬೆರೆಸಿ ತೆಳುವಾಗಿಸಿ. ಒಂದು ಕಾಯಿ, ಒಂದು ಅರೆಹಣ್ಣು, ಒಂದು ಪೂರ್ತಿ ಕಳಿತ ಹಣ್ಣು, ಮೂರನ್ನೂ ಬಿಲ್ಲೆ ಬಿಲ್ಲೆಯಾಗಿ ಕೊಯ್ದು ತಟ್ಟೆಯಲ್ಲಿಡಿ. ಒಂದೊಂದರ ಮೇಲೂ ಒಂದು ಹನಿ ಬಿಡಿ. ಕಾಯಿಯ ಬಿಲ್ಲೆ ನೋಡನೋಡುತ್ತಲೇ ನೀಲಿಗಪ್ಪಾಗುತ್ತದೆ. ಅರೆಹಣ್ಣಿನಲ್ಲಿ ಅಲ್ಲಲ್ಲಿ ಕಲೆ. ಕಳಿತ ಹಣ್ಣಿನಲ್ಲಿ ಅಯೋಡಿನ್ನಿನ ಕಂದು ಬಣ್ಣವೇ ಹೆಚ್ಚುಕಡಿಮೆ ಹಾಗೆಯೇ ಉಳಿಯುತ್ತದೆ. ಪಿಷ್ಟವಿದ್ದಲ್ಲಿ ಅಯೋಡಿನ್ ನೀಲಿಗಪ್ಪಾಗುತ್ತದೆ ಎಂಬ ಒಂದು ಸಾಲನ್ನು ಪುಸ್ತಕದಿಂದ ಬಾಯಿಪಾಠ ಮಾಡಿದ ಮಗು ಇಲ್ಲಿ ತಾನಾಗಿಯೇ ಕೇಳುತ್ತದೆ, “ಸರ್, ಕಾಯ್ದಾಗ ಇದ್ದ ಪಿಷ್ಟ ಎಲ್ಲಿ ಹೋತ್ರೀ?” ಆಗ ಮೇಷ್ಟ್ರು ಉತ್ತರ ಹೇಳಬಾರದು. ಅಯೋಡಿನ್ ಹಾಕದ ಬಿಲ್ಲೆಗಳನ್ನು ಕೈಗೆ ಕೊಟ್ಟು, ಕಾಯಿಯನ್ನೂ ಹಣ್ಣನ್ನೂ ರುಚಿ ನೋಡಲು ಹೇಳಬೇಕು. ಒಂದು ಒಗರು, ಒಂದು ಸಿಹಿ. ಪಿಷ್ಟ ಸಕ್ಕರೆಯಾಗಿದೆ ಎಂದು ತರಗತಿಯಲ್ಲಿ ಯಾರಾದರೊಬ್ಬರು ಹೇಳಿಯೇ ಹೇಳುತ್ತಾರೆ. ಕಿಣ್ವಗಳ ಹೆಸರು ಆಮೇಲೆ ಬರಲಿ. ಅಷ್ಟಕ್ಕೇ ನಿಲ್ಲಬೇಕಾಗಿಲ್ಲ. ಒಂದು ಕಾಯಿಯನ್ನು ಹಣ್ಣಿನ ಜೊತೆ ಚೀಲದಲ್ಲಿ ಕಟ್ಟಿಡಿ, ಇನ್ನೊಂದನ್ನು ಒಂಟಿಯಾಗಿ ಇಡಿ. ಯಾವುದು ಮೊದಲು ಹಣ್ಣಾಗುತ್ತದೆ? ಕಳಿತ ಹಣ್ಣಿನಿಂದ ಹೊರಡುವ ಎಥಿಲೀನ್ ಅನಿಲದ ಪಾಠ ಇದು. ತೋಟದವರ ಮಕ್ಕಳಿಗೆ ಈ ಸಂಗತಿ ಮೊದಲೇ ಗೊತ್ತಿರುತ್ತದೆ. ತರಗತಿಯಲ್ಲಿ ಸದಾ ಹಿಂದಿನ ಬೆಂಚಿನಲ್ಲಿ ಕೂರುವ ಹುಡುಗ ಅಂದು ಎದ್ದುನಿಂತು ಉಳಿದವರಿಗೆ ಪಾಠ ಹೇಳುವುದನ್ನು ನಾವು ಕಂಡಿದ್ದೇವೆ. (ಅಯೋಡಿನ್ ತಾಗಿದ ಬಿಲ್ಲೆಯನ್ನು ಯಾರೂ ತಿನ್ನದಂತೆ ನೋಡಿಕೊಳ್ಳಬೇಕು, ಬಾಳೆಹಣ್ಣು ಕಂಡರೆ ಮಕ್ಕಳ ಕೈ ನಿಲ್ಲುವುದಿಲ್ಲ.)

ಇನ್ನು ನಮ್ಮ ಕಾಲಕೆಳಗಿನ ಶಹಾಬಾದ್ ಕಲ್ಲು. ಜಿಲ್ಲೆಯ ಎಷ್ಟೋ ಮನೆ, ಶಾಲೆಗಳ ನೆಲ ಅದರದೇ. ಒಡೆದ ಒಂದು ಚೂರನ್ನು ಕೆರೆದು ಪುಡಿ ಮಾಡಿ, ಅದರ ಮೇಲೆ ನಿಂಬೆರಸ ಹಿಂಡಿದರೆ ಸಣ್ಣ ಗುಳ್ಳೆಗಳು ಏಳುತ್ತವೆ. ಕರಿಕಲ್ಲಿನ ಪುಡಿಗೆ ಹಾಗಾಗುವುದಿಲ್ಲ. ಸುಣ್ಣದಕಲ್ಲು ಆಮ್ಲದ ಜೊತೆ ಸೇರಿ ಇಂಗಾಲದ ಡೈಆಕ್ಸೈಡ್ ಬಿಡುತ್ತದೆ. ವಾಡಿ, ಸೇಡಂ, ಮಳಖೇಡದ ಸಿಮೆಂಟ್ ಕಾರ್ಖಾನೆಗಳು ಅಲ್ಲೇ ಏಕೆ ಬಂದವು ಎಂಬ ಸಮಾಜಶಾಸ್ತ್ರದ ಪ್ರಶ್ನೆಗೂ ಉತ್ತರ ಇಲ್ಲೇ ಇದೆ. ಈ ಸುಣ್ಣದಕಲ್ಲಿನ ಪದರಗಳು ಕೋಟ್ಯಂತರ ವರ್ಷಗಳ ಹಿಂದೆ ಆಳವಿಲ್ಲದ ಸಮುದ್ರದ ತಳದಲ್ಲಿ ಕೂಡಿಬಂದವು. ಮಳೆಗಾಗಿ ಬಾಯಿಬಿಡುವ ನಮ್ಮ ಸೀಮೆಯಲ್ಲಿ ಒಂದು ಕಾಲಕ್ಕೆ ಸಮುದ್ರವಿತ್ತು ಎಂದರೆ ಮಕ್ಕಳು ಬೇಗ ನಂಬುವುದಿಲ್ಲ. ನಂಬದಿರುವುದೂ ಒಳ್ಳೆಯದೇ, ಹೇಗೆ ಗೊತ್ತು ಎಂದು ಕೇಳಲಿ. ಆದರೆ ಮನೆಯ ಹಾಸುಗಲ್ಲಿನ ಮೇಲೆ ಈ ಪ್ರಯೋಗ ಬೇಡ. ನಿಂಬೆರಸ ಬಿದ್ದಲ್ಲಿ ಹೊಳಪು ಹೋಗುತ್ತದೆ, ಅಮ್ಮನ ಬೈಗುಳ ಕೇಳಬೇಕಾಗುತ್ತದೆ.

ತೊಗರಿಯ ಮಾತು ಬಿಟ್ಟರೆ ಕಲಬುರಗಿಯವರೇ ಅಲ್ಲ. ಆಗಸ್ಟ್ ಕೊನೆಗೆ ಹೊಲದ ಒಂದು ತೊಗರಿ ಗಿಡವನ್ನು, ಕೀಳದೆ, ಮಣ್ಣು ಸಮೇತ ಅಗೆದು ತೆಗೆದು ಬಕೆಟ್ ನೀರಿನಲ್ಲಿ ತೊಳೆಯಿರಿ. ಬೇರಿನಲ್ಲಿ ಸಾಸಿವೆ, ಜೋಳದ ಕಾಳಿನಷ್ಟು ದೊಡ್ಡ ಗಂಟುಗಳಿರುತ್ತವೆ. ಒಂದನ್ನು ಬ್ಲೇಡಿನಿಂದ ಕೊಯ್ದರೆ ಒಳಗೆ ಗುಲಾಬಿ ಬಣ್ಣ. ಗಾಳಿಯ ಸಾರಜನಕವನ್ನು ಗಿಡಕ್ಕೆ ಒದಗಿಸುವ ಬ್ಯಾಕ್ಟೀರಿಯಾಗಳು ಅಲ್ಲಿ ಕೆಲಸ ಮಾಡುತ್ತಿವೆ ಎಂಬುದಕ್ಕೆ ಆ ಬಣ್ಣವೇ ಗುರುತು. ತೊಗರಿ ಬೆಳೆದ ಹೊಲಕ್ಕೆ ಕಸುವು ಬರುತ್ತದೆ ಎಂದು ಅಪ್ಪ ಹೇಳುವ ಮಾತಿಗೂ ಶಾಲೆಯ ಪುಸ್ತಕಕ್ಕೂ ನಂಟು ಬೀಳುವುದು ಆಗ. ತೊಗರಿಯೂ ಬಟಾಣಿಯೂ ಒಂದೇ ಬಳಗದವು. ಬಟಾಣಿ ಗಿಡಗಳನ್ನು 1856ರಿಂದ ಎಂಟು ವರ್ಷ ಬೆಳೆಸಿ, ಎಣಿಸಿ, ಬರೆದಿಟ್ಟು ಅನುವಂಶೀಯತೆಯ ನಿಯಮ ಕಂಡುಕೊಂಡ ಗ್ರೆಗರ್ ಮೆಂಡೆಲ್ ಅಗಸ್ಟೀನಿಯನ್ ಸಭೆಯ ಗುರುಗಳು, ಮಠದ ತೋಟವೇ ಅವರ ಪ್ರಯೋಗಶಾಲೆ. ನಮ್ಮ ಮಕ್ಕಳಿಗೆ ಈ ಸಂಗತಿಯನ್ನು ಅಪರೂಪಕ್ಕಾದರೂ ಹೇಳಬೇಕು.

ಈಗ ನಮಗೆ ಬಹಳ ಇಷ್ಟವಾದ ಪ್ರಯೋಗಕ್ಕೆ ಬರೋಣ. ಇದಕ್ಕೆ ಬೇಕಾದುದು ಒಂದು ನೆಟ್ಟಗಿನ ಕೋಲು ಮಾತ್ರ. ಮಧ್ಯಾಹ್ನ ಸೂರ್ಯ ನೆತ್ತಿಯ ಮೇಲೆ ಬರುತ್ತಾನೆ ಎನ್ನುತ್ತೇವಷ್ಟೆ. ನಿಜವಾಗಿ ನಮ್ಮ ನೆತ್ತಿಯ ಮೇಲೆ ಅವನು ನೇರವಾಗಿ ಬರುವುದು ವರ್ಷಕ್ಕೆ ಎರಡೇ ದಿನ. ಕಲಬುರಗಿಗೆ ಮೇ 9 ಮತ್ತು ಆಗಸ್ಟ್ 4ರ ಆಸುಪಾಸು. ಅಂದು ಮಧ್ಯಾಹ್ನ ಕ್ಷಣಕಾಲ ಕೋಲಿಗೆ ನೆರಳೇ ಇರುವುದಿಲ್ಲ. ಶೂನ್ಯ ನೆರಳಿನ ದಿನ ಎಂದು ಅದನ್ನು ಕರೆಯುತ್ತಾರೆ. ಮೇ ತಿಂಗಳಲ್ಲಿ ಶಾಲೆಗೆ ರಜೆ, ಹೊರಗೆ ಕಾದ ಹಂಚು. ಆಗಸ್ಟ್‌ನಲ್ಲಿ ಶಾಲೆ ಇರುತ್ತದೆ, ಮೋಡ ಸರಿದರೆ ಅದೃಷ್ಟ. ಗಡಿಯಾರದ ಹನ್ನೆರಡಕ್ಕೆ ಮಕ್ಕಳು ಹೊರಗೆ ಬಂದರೆ ನೆರಳು ಇನ್ನೂ ಇರುತ್ತದೆ. ಅದು ಇಲ್ಲವಾಗುವುದು ಹನ್ನೆರಡೂವರೆಯ ಹೊತ್ತಿಗೆ. ನಮ್ಮ ಗಡಿಯಾರ ನಡೆಯುವುದು ನಮಗಿಂತ ಪೂರ್ವದಲ್ಲಿ, ಉತ್ತರ ಪ್ರದೇಶದ ಮಿರ್ಜಾಪುರದ ಬಳಿ ಹಾಯುವ ರೇಖಾಂಶದ ಸಮಯಕ್ಕೆ. ಸೂರ್ಯ ಅಲ್ಲಿಂದ ಕಲಬುರಗಿಗೆ ಬರಲು ಇಪ್ಪತ್ತು ನಿಮಿಷಕ್ಕಿಂತ ಹೆಚ್ಚು ಬೇಕು.

ಇದರಲ್ಲಿ ಇನ್ನೊಂದು ಸೊಗಸಿದೆ. ಕಮಲಾಪುರ ಕಲಬುರಗಿಗಿಂತ ಸ್ವಲ್ಪ ಉತ್ತರಕ್ಕಿದೆ. ಆಗಸ್ಟ್‌ನಲ್ಲಿ ಸೂರ್ಯ ದಕ್ಷಿಣಕ್ಕೆ ಸರಿಯುತ್ತಿರುತ್ತಾನೆ. ಆದ್ದರಿಂದ ಕಮಲಾಪುರದಲ್ಲಿ ನೆರಳು ಮಾಯವಾಗುವುದು ಒಂದು ದಿನ ಮೊದಲು, ಕಲಬುರಗಿಯಲ್ಲಿ ಮರುದಿನ. ನಾವು ಬಸ್ಸಿನಲ್ಲಿ ಒಂದು ಗಂಟೆಯಲ್ಲಿ ಬರುವ ದಾರಿಗೆ ಸೂರ್ಯನಿಗೆ ಒಂದು ದಿನ ಬೇಕು! ಒಂದು ಮೀಟರ್ ಕೋಲಿಗೆ ಈ ಎರಡು ಊರುಗಳ ನಡುವಿನ ವ್ಯತ್ಯಾಸ ನಾಲ್ಕೈದು ಮಿಲಿಮೀಟರ್ ಮಾತ್ರ, ಮಕ್ಕಳ ಕಣ್ಣಿಗೆ ಸಿಕ್ಕುವುದು ಕಷ್ಟ. ಅದಕ್ಕೆ ಮೈಸೂರಿನಲ್ಲಿರುವ ಬಂಧುಗಳಿಗೆ ಫೋನ್ ಮಾಡಿ. ಕಲಬುರಗಿಯಲ್ಲಿ ನೆರಳಿಲ್ಲದ ದಿನ ಮೈಸೂರಿನಲ್ಲಿ ಅಷ್ಟೇ ಎತ್ತರದ ಕೋಲಿಗೆ ಮಧ್ಯಾಹ್ನ ಸುಮಾರು 9 ಸೆಂಟಿಮೀಟರ್ ನೆರಳಿರುತ್ತದೆ. ಅದು 5 ಡಿಗ್ರಿ ಕೋನ. ಎರಡು ಊರುಗಳ ನಡುವಿನ ಉತ್ತರ-ದಕ್ಷಿಣ ಅಂತರ ಸುಮಾರು 555 ಕಿಲೋಮೀಟರ್. ವೃತ್ತಕ್ಕೆ 360 ಡಿಗ್ರಿ, ಅಂದರೆ 5 ಡಿಗ್ರಿಯ 72 ಪಾಲು. 555ನ್ನು 72ರಿಂದ ಗುಣಿಸಿ ನೋಡಿ, ಭೂಮಿಯ ಸುತ್ತಳತೆ 40,000 ಕಿಲೋಮೀಟರಿಗೆ ಹತ್ತಿರ ಬರುತ್ತದೆ. ಎರಡು ಸಾವಿರ ವರ್ಷಗಳಿಗೂ ಹಿಂದೆ ಈಜಿಪ್ಟಿನಲ್ಲಿ ಎರಟೋಸ್ತನೀಸ್ ಮಾಡಿದ ಲೆಕ್ಕವೂ ಇದೇ ಬಗೆಯದು. ಏಳನೇ ತರಗತಿಯ ಹುಡುಗಿಯೊಬ್ಬಳು ಭೂಮಿಯನ್ನು ಕೋಲಿನಿಂದ ಅಳೆದು ಮನೆಗೆ ಬಂದರೆ, ಆಕೆಯನ್ನು ಗ್ರಹಣದ ಹೆಸರಿನಲ್ಲಿ ಹೆದರಿಸುವುದು ಅಷ್ಟು ಸುಲಭವಲ್ಲ.

ಇದನ್ನೆಲ್ಲ ಶಿಕ್ಷಕರೊಬ್ಬರೇ ಹೊರಲಾರರು. ಮಧ್ಯಪ್ರದೇಶದ ಹೋಶಂಗಾಬಾದಿನಲ್ಲಿ 1972ರಲ್ಲಿ 16 ಶಾಲೆಗಳಲ್ಲಿ ಆರಂಭವಾದ ವಿಜ್ಞಾನ ಬೋಧನಾ ಕಾರ್ಯಕ್ರಮ 30 ವರ್ಷ ನಡೆಯಿತು, 2002ರಲ್ಲಿ ಸರ್ಕಾರ ಅದನ್ನು ನಿಲ್ಲಿಸಿತು. ಮಕ್ಕಳೇ ಪ್ರಯೋಗ ಮಾಡಿ ಉತ್ತರ ಬರೆಯುವ ಪುಸ್ತಕ, ಪುಸ್ತಕ ತೆರೆದಿಟ್ಟು ಬರೆಯುವ ಪರೀಕ್ಷೆ ಅಲ್ಲಿದ್ದವು. ನಮ್ಮ ದೃಷ್ಟಿಯಲ್ಲಿ ಅವೆಲ್ಲಕ್ಕಿಂತ ಮುಖ್ಯವಾದುದು ಶಿಕ್ಷಕರ ಮಾಸಿಕ ಸಭೆ. ಪ್ರಯೋಗ ಕೆಟ್ಟಾಗ, ಮಗು ಕೇಳಿದ ಪ್ರಶ್ನೆಗೆ ಉತ್ತರ ತೋಚದಾಗ, ನಾಚಿಕೆಯಿಲ್ಲದೆ ಹೇಳಿಕೊಳ್ಳಲು ಅವರಿಗೆ ಒಂದು ಜಾಗವಿತ್ತು. ಅಂಥ ಕೂಟಕ್ಕೆ ನಮ್ಮ ಧರ್ಮಕೇಂದ್ರಗಳ ಸಭಾಂಗಣಗಳು ತಿಂಗಳಿಗೊಂದು ಶನಿವಾರ ಸಾಲದೇ? ಯಾವ ಶಾಲೆಯವರು, ಯಾವ ಮತದವರು ಎಂದು ನೋಡದೆ ಬಾಗಿಲು ತೆರೆದರಾಯಿತು.

ನಗರದಲ್ಲಿ 1984ರಿಂದ ಜಿಲ್ಲಾ ವಿಜ್ಞಾನ ಕೇಂದ್ರವಿದೆ. ಅದು ರಾಷ್ಟ್ರೀಯ ವಿಜ್ಞಾನ ವಸ್ತುಸಂಗ್ರಹಾಲಯಗಳ ಪರಿಷತ್ತಿಗೆ ಸೇರಿದ್ದು. ಅಲ್ಲಿಯ ವಿಜ್ಞಾನ ಉದ್ಯಾನದಲ್ಲಿ ಮಕ್ಕಳು ಮುಟ್ಟಬಹುದು, ಎಳೆಯಬಹುದು. ನಾವು ವರ್ಷಕ್ಕೊಮ್ಮೆ ಪ್ರವಾಸದ ನೆಪದಲ್ಲಿ ಸಾಲಾಗಿ ಓಡಿಸಿಕೊಂಡು ಬರುತ್ತೇವೆ, ಅದು ನಮ್ಮದೇ ತಪ್ಪು. ಒಂದೇ ಪ್ರದರ್ಶಿಕೆಯ ಮುಂದೆ ಅರ್ಧ ಗಂಟೆ ನಿಂತರೂ ಆ ಪ್ರವಾಸ ಸಾರ್ಥಕ. 1980ರಲ್ಲಿ ಹುಟ್ಟಿದ ಕರ್ನಾಟಕ ರಾಜ್ಯ ವಿಜ್ಞಾನ ಪರಿಷತ್ತು ‘ಬಾಲ ವಿಜ್ಞಾನ’ ಮಾಸಿಕವನ್ನು ಕನ್ನಡದಲ್ಲೇ ತರುತ್ತ ಬಂದಿದೆ. ಹುಟ್ಟುಹಬ್ಬದ ಕೇಕಿನ ಖರ್ಚಿನಲ್ಲಿ ಒಂದು ಪಾಲು ಇಂಥ ಓದಿಗೆ ಹೋಗಲಿ.

ಭಾನುವಾರದ ಬಲಿಪೂಜೆಯ ನಂತರ ಒಮ್ಮೆ ನಮ್ಮ ಬೆಂಚುಗಳತ್ತ ನೋಡಿ. ದವಾಖಾನೆಯಲ್ಲಿ ಕೆಲಸ ಮಾಡುವ ನರ್ಸ್ ಅಕ್ಕಂದಿರು ಇದ್ದಾರೆ, ಗಾರೆ ಕೆಲಸದವರು, ಎಲೆಕ್ಟ್ರಿಷಿಯನ್, ತೊಗರಿ ಬೆಳೆಯುವವರು ಇದ್ದಾರೆ. ವರ್ಷಕ್ಕೊಂದು ತರಗತಿಗೆ ಹೋಗಿ ತಮ್ಮ ಕೆಲಸದ ಒಂದು ಗುಟ್ಟನ್ನು ಮಕ್ಕಳ ಮುಂದೆ ಮಾಡಿ ತೋರಿಸಿದರೆ ಮೇಷ್ಟ್ರಿಗೆ ದೊಡ್ಡ ಆಸರೆ. ಮನೆಯಲ್ಲಿ ನಾವು ಮಾಡಬೇಕಾದುದು ಇನ್ನೂ ಸಣ್ಣದು. ಸಂಜೆ ಮಗು ಬಂದ ಕೂಡಲೇ “ಎಷ್ಟು ಮಾರ್ಕ್ಸ್ ಬಿತ್ತು?” ಎನ್ನುವ ಬದಲು, “ಇವತ್ತ ಸರಿಗೆ ಏನ ಕೇಳ್ದಿ?” ಎಂದು ವಿಚಾರಿಸುವುದು.

ಕ್ಯಾಲೆಂಡರಿನಲ್ಲಿ ಮೂರು ದಿನ ಗುರುತು ಮಾಡಿಕೊಳ್ಳಿ. 2027ರ ಆಗಸ್ಟ್ 2, ಸೋಮವಾರ. ಅಂದು ಈಜಿಪ್ಟಿನ ಲಕ್ಸರ್‌ನಲ್ಲಿ ಸಂಪೂರ್ಣ ಸೂರ್ಯಗ್ರಹಣ, ನಮ್ಮಲ್ಲಿ ಸಂಜೆಯ ಕಡೆ ಭಾಗಶಃ, ಸೂರ್ಯನ ಅಂಚನ್ನು ಯಾರೋ ಕಚ್ಚಿದಷ್ಟು. ಮಂಗಳವಾರ ಕಮಲಾಪುರದಲ್ಲಿ, ಬುಧವಾರ ಕಲಬುರಗಿಯಲ್ಲಿ ಶೂನ್ಯ ನೆರಳಿನ ಆಸುಪಾಸು. ಮೂರೂ ಶಾಲೆಯ ದಿನಗಳು. ಗ್ರಹಣವನ್ನು ಬರಿಗಣ್ಣಿನಿಂದ, ಕಪ್ಪು ಗಾಜಿನಿಂದ, ಹಳೆಯ ಎಕ್ಸ್‌ರೇ ಹಾಳೆಯಿಂದ ನೋಡಲೇಬಾರದು, ಕಣ್ಣು ಹೋಗುತ್ತದೆ. ಅದಕ್ಕೆಂದೇ ಮಾಡಿದ ಪ್ರಮಾಣೀಕೃತ ಕನ್ನಡಕ ಸಿಗುತ್ತದೆ. ಅದೂ ಇಲ್ಲದಿದ್ದರೆ ರಟ್ಟಿನಲ್ಲಿ ಸೂಜಿಯಿಂದ ಒಂದು ತೂತು ಮಾಡಿ, ಸೂರ್ಯನಿಗೆ ಬೆನ್ನು ಮಾಡಿ ನಿಂತು, ಬಿಳಿ ಕಾಗದದ ಮೇಲೆ ಬೀಳುವ ಪುಟ್ಟ ಬಿಂಬವನ್ನು ನೋಡಬಹುದು. ರಟ್ಟು, ಸೂಜಿ, ಕಾಗದ, ಒಂದು ಕೋಲು ಎಲ್ಲರ ಮನೆಯಲ್ಲೂ ಇವೆ. ಆ ಸೋಮವಾರ ಸಂಜೆ ಶಾಲೆಯ ಅಂಗಳದಲ್ಲಿ ಮಕ್ಕಳ ಜೊತೆ ನಿಲ್ಲಲು ಯಾರು ಯಾರು ಬಿಡುವು ಮಾಡಿಕೊಳ್ಳುತ್ತೀರಿ ಎಂದು ನಿಮ್ಮ ನಿಮ್ಮ ಧರ್ಮಕೇಂದ್ರದ ಗುರುಗಳಿಗೆ ಈಗಲೇ ಹೆಸರು ಕೊಡಿ.