ಚಿತ್ರಗಳನ್ನು ತಿದ್ದುವುದಕ್ಕೆ ತಕ್ಕ ಸಣ್ಣ ಕಂಪ್ಯೂಟರು



ನಮ್ಮ ಶಾಲೆಯಲ್ಲಿ ಕಲಿತು ಹೊರಟ ಹುಡುಗಿಯರಲ್ಲಿ ಕೆಲವರು ಛಾಯಾಚಿತ್ರದ ಕೆಲಸದಿಂದ ಜೀವನೋಪಾಯವನ್ನು ಕಂಡುಕೊಳ್ಳಬೇಕೆಂದಿದ್ದಾರೆ. ಮದುವೆಯ ಆಲ್ಬಮ್ಮುಗಳನ್ನು ಅಣಿಗೊಳಿಸುವುದು, ಮಾಸಿದ ಪಟಗಳನ್ನು ತಿದ್ದಿ ಪುನಃ ಅಚ್ಚುಹಾಕಿಸಿಕೊಡುವುದು ಮೊದಲಾದವು ಮನೆಯಲ್ಲಿ ಕುಳಿತು ಗೌರವದಿಂದ ಮಾಡತಕ್ಕ ಕೆಲಸಗಳೇ ಸರಿ. “ಸ್ವಲ್ಪ ಹಣದಲ್ಲಿ ಯಾವ ಕಂಪ್ಯೂಟರನ್ನು ಕೊಡಿಸೋಣ?” ಎಂದು ಅವರ ತಾಯ್ತಂದೆಗಳು ನನ್ನನ್ನು ಕೇಳುವುದುಂಟು. ನಾನು ಈ ವಿದ್ಯೆಯಲ್ಲಿ ಪಂಡಿತಳಲ್ಲ. ಆದರೂ ಶಾಲೆಯ ಹಳೆಯ ಪಟಗಳನ್ನು ಈ ಸಂಚಿಕೆಗಾಗಿ ಸಿದ್ಧಪಡಿಸುವಾಗ ನಾವು ಮೊದಲು ತಪ್ಪಿ, ಆಮೇಲೆ ಕಲಿತುಕೊಂಡದ್ದು ಇತರರಿಗೂ ಉಪಯೋಗವಾಗಬಹುದೆಂದು ಇದನ್ನು ಬರೆಯುತ್ತೇನೆ.

ನಮ್ಮ ತಪ್ಪು ಹೀಗಾಯಿತು. ಅಗ್ಗವೆಂಬ ಒಂದೇ ಕಾರಣದಿಂದ ಒಂದು ಹಳೆಯ ಯಂತ್ರವನ್ನೂ ಅದರ ಜೊತೆಗೆ ಬಂದ ಮಂಕಾದ ಮಾನಿಟರನ್ನೂ ಕೊಂಡೆವು. 1962ನೆಯ ಇಸವಿಯ ತರಗತಿಯ ಪಟವು ಅದರಲ್ಲಿ ಕತ್ತಲೆಗವಿದಂತೆ ಕಂಡುದರಿಂದ ನಮ್ಮ ಉಪಾಧ್ಯಾಯಿನಿಯು ಬೆಳಕನ್ನು ಹೆಚ್ಚಿಸುತ್ತಾ ಹೋದಳು. ಅಚ್ಚಾಗಿ ಬಂದಾಗ ಹುಡುಗಿಯರ ಮುಖಗಳಿಗೆಲ್ಲಾ ಹಿಟ್ಟು ಬಳಿದಂತಿತ್ತು. ಆ ಪಟದಲ್ಲಿ ಎರಡನೆಯ ಸಾಲಿನಲ್ಲಿ ನಿಂತವರೊಬ್ಬರು ಒಂದು ದಿನ ಶಾಲೆಗೆ ಬಂದು ಅದನ್ನು ಬಹಳ ಹೊತ್ತು ನೋಡಿ, “ನಾವು ಕಪ್ಪು ಹುಡುಗಿಯರು, ಟೀಚರೇ. ನಮ್ಮನ್ನು ಹೀಗೇಕೆ ಬೆಳ್ಳಗೆ ಮಾಡಿದಿರಿ?” ಎಂದರು. ನನ್ನಲ್ಲಿ ಉತ್ತರವಿರಲಿಲ್ಲ. ಪುಣ್ಯಕ್ಕೆ ಮೂಲಪ್ರತಿಯನ್ನು ತಿದ್ದದೆ ಬೇರೆಯಾಗಿಟ್ಟಿದ್ದೆವು. ಆದಕಾರಣ ಪುನಃ ಮೊದಲಿನಿಂದ ಕೆಲಸ ಮಾಡಿದೆವು.

ಇದರಿಂದ ನಾನು ಕಲಿತ ನಿಯಮವೇನಂದರೆ, ಹಣವನ್ನು ಮೊದಲು ಚಿತ್ರವನ್ನು ನಿಜವಾಗಿ ತೋರಿಸುವ ಮಾನಿಟರಿಗೂ ಅದನ್ನು ಭದ್ರವಾಗಿ ಕಾಯುವ ಸಾಧನಕ್ಕೂ ತೆಗೆದಿಟ್ಟು, ಉಳಿದುದರಲ್ಲಿ ಯಂತ್ರದ ವೇಗವನ್ನು ಕೊಳ್ಳಬೇಕು. ಅಂಗಡಿಯಲ್ಲಿಯಾದರೋ ವೇಗದ ಮಾತನ್ನೇ ಮೊದಲು ಆಡುತ್ತಾರೆ.

ಪುಸ್ತಕದಷ್ಟು ಜಾಗದಲ್ಲಿ ಕೂರುವ ಸಣ್ಣ ಕಂಪ್ಯೂಟರುಗಳನ್ನು ಮಿನಿ ಪಿಸಿ ಎನ್ನುತ್ತಾರೆ. ಇವುಗಳಿಗೆ ಮಾನಿಟರು, ಕೀಲಿಮಣೆ, ಮೌಸುಗಳನ್ನು ಬೇರೆಯಾಗಿ ಕೊಳ್ಳಬೇಕು. ಲ್ಯಾಪ್‌ಟಾಪಿನಲ್ಲಿ ಪರದೆಯು ಯಂತ್ರಕ್ಕೆ ಅಂಟಿಕೊಂಡೇ ಬರುವುದು. ಇಲ್ಲಿಯಾದರೋ ಒಳ್ಳೆಯ ಪರದೆಯನ್ನು ನಾವೇ ಆರಿಸಬಹುದು, ಮುಂದೆ ಯಂತ್ರವನ್ನು ಬದಲಾಯಿಸಿದಾಗಲೂ ಅದನ್ನು ಇಟ್ಟುಕೊಳ್ಳಬಹುದು. ಒಂದು ಕೊರತೆಯುಂಟು: ಇವುಗಳಲ್ಲಿ ಬ್ಯಾಟರಿ ಇರುವುದಿಲ್ಲ. ಕರೆಂಟು ಹೋದರೆ ಉಳಿಸದ ಕೆಲಸವೂ ಹೋಗುವುದು. ಆದುದರಿಂದ ಒಂದು ಸಣ್ಣ ಯುಪಿಎಸ್ಸಿನ ಕ್ರಯವನ್ನು ಲೆಕ್ಕದಲ್ಲಿ ಸೇರಿಸಿಕೊಳ್ಳತಕ್ಕದ್ದು.

ಮಾನಿಟರನ್ನು ಕೊಳ್ಳುವಾಗ ಅದು ಐಪಿಎಸ್ ಜಾತಿಯದೋ ಎಂದು ಕೇಳಿರಿ. ಟಿಎನ್ ಎಂಬ ಅಗ್ಗದ ಜಾತಿಯಲ್ಲಿ ತಲೆಯನ್ನು ಸ್ವಲ್ಪ ಓರೆಮಾಡಿದರೂ ಬಣ್ಣವೂ ಬೆಳಕೂ ಬೇರೆಯಾಗಿ ಕಾಣುವುವು. ಎರಡನೆಯದಾಗಿ, ಎಸ್‌ಆರ್‌ಜಿಬಿ ಎಂಬ ವರ್ಣಪ್ರಮಾಣದಲ್ಲಿ ಶೇಕಡಾ ಎಷ್ಟನ್ನು ತೋರಿಸುವುದೆಂದು ನೋಡಿರಿ. ಶೇಕಡಾ 99 ಅಥವಾ ಅದಕ್ಕೆ ಸಮೀಪವಿದ್ದರೆ ಒಳ್ಳೆಯದು. 24 ಅಂಗುಲದ ಪರದೆಯು ಮನೆಯ ಕೆಲಸಕ್ಕೆ ಸಾಕು. ಮನೆಗೆ ತಂದ ಮೇಲೆ ಒಂದು ಚಿತ್ರವನ್ನು ಅಚ್ಚುಹಾಕಿಸಿ, ಅದನ್ನು ಪರದೆಯ ಪಕ್ಕದಲ್ಲಿ ಹಿಡಿದು, ಎರಡೂ ಒಂದೇ ತೆರನಾಗಿ ಕಾಣುವಂತೆ ಪರದೆಯ ಬೆಳಕನ್ನು ಹೊಂದಿಸಿರಿ. ಇದನ್ನು ನಾವು ಮೊದಲೇ ಮಾಡಿದ್ದರೆ ಆ ಹಿರಿಯರ ಮನಸ್ಸು ನೋಯುತ್ತಿರಲಿಲ್ಲ.

ಇನ್ನು ರ‍್ಯಾಮ್ ಎಂಬ ಮೆಮೊರಿಯ ವಿಷಯ. ಇದು ಕೆಲಸ ಮಾಡುವ ಮೇಜಿನಂತೆ. ಮೇಜು ಕಿರಿದಾದರೆ ಕಾಗದಗಳನ್ನು ಪದೇ ಪದೇ ಕಪಾಟಿಗೆ ಇಟ್ಟು ತೆಗೆಯಬೇಕಾಗುವುದು. ಎಂಟೂವರೆ ಅಂಗುಲ ಅಗಲ, ಆರೂವರೆ ಅಂಗುಲ ಎತ್ತರದ ತರಗತಿಯ ಪಟವನ್ನು ಅಂಗುಲಕ್ಕೆ 600 ಚುಕ್ಕೆಗಳಂತೆ ಸ್ಕ್ಯಾನ್ ಮಾಡಿದರೆ 5,100ನ್ನು 3,900ರಿಂದ ಗುಣಿಸಿದಷ್ಟು, ಅಂದರೆ ಸುಮಾರು 2 ಕೋಟಿ ಚುಕ್ಕೆಗಳಾಗುವುವು. ಒಂದೊಂದು ಚುಕ್ಕೆಗೆ ಮೂರು ಬೈಟುಗಳಂತೆ 60 ಮೆಗಾಬೈಟುಗಳಾದುವು. ಹೆಚ್ಚು ಸೂಕ್ಷ್ಮವಾದ 16 ಬಿಟ್ ಕ್ರಮದಲ್ಲಿ ಅದರ ಇಮ್ಮಡಿ. ಕಲೆಗಳನ್ನು ತೆಗೆಯುವಾಗ ಒಂದರ ಮೇಲೊಂದು ಐದಾರು ಪದರಗಳನ್ನಿಟ್ಟರೆ ಒಂದೇ ಪಟಕ್ಕೆ 700 ಮೆಗಾಬೈಟುಗಳು ಬೇಕಾಗಬಹುದು. ನಮ್ಮ ಹಳೆಯ ಯಂತ್ರದಲ್ಲಿದ್ದುದು 4 ಗಿಗಾಬೈಟು ಮಾತ್ರ. ಅದರಲ್ಲಿ ಬಹುಪಾಲನ್ನು ವಿಂಡೋಸೇ ಬಳಸುತ್ತಿತ್ತು. ಫೋಟೋಶಾಪಿನ ತಯಾರಕರೇ ಕನಿಷ್ಠ 8, ಸುಗಮವಾದ ಕೆಲಸಕ್ಕೆ 16 ಗಿಗಾಬೈಟು ಬೇಕೆನ್ನುತ್ತಾರೆ. ಆದಕಾರಣ 16ನ್ನೇ ಹಿಡಿಯಿರಿ. 2025ರ ಕೊನೆಯಲ್ಲಿ ಮೆಮೊರಿಯ ಕ್ರಯವು ಬಹಳ ಏರಿತಾದುದರಿಂದ, ಯಂತ್ರದೊಳಗೆ ಈಗಾಗಲೇ ಎಷ್ಟಿದೆಯೆಂದು ಕೇಳಿಕೊಂಡೇ ಚೌಕಾಶಿ ಮಾಡುವುದು ಲಾಭಕರ.

ಕಚೇರಿಗಳಲ್ಲಿ ಕೆಲವು ವರ್ಷ ಬಳಸಿ ಮಾರಿದ ಸಣ್ಣ ಯಂತ್ರಗಳು ಅಗ್ಗವಾಗಿ ದೊರೆಯುವುವು. ಡೆಲ್ ಆಪ್ಟಿಪ್ಲೆಕ್ಸ್ ಮೈಕ್ರೋ, ಲೆನೊವೊ ಥಿಂಕ್‌ಸೆಂಟರ್ ಟೈನಿ, ಎಚ್‌ಪಿ ಎಲೀಟ್‌ಡೆಸ್ಕ್ ಮಿನಿ ಎಂಬವು ಇಂಥವು. ಇವುಗಳಲ್ಲಿ ಸಾಮಾನ್ಯವಾಗಿ ಮೆಮೊರಿಯನ್ನು ಆಮೇಲೆ ಹೆಚ್ಚಿಸಬಹುದು. ಆದರೆ ಒಂದು ಎಚ್ಚರಿಕೆ: ವಿಂಡೋಸ್ 10ಕ್ಕೆ ಸಿಗುತ್ತಿದ್ದ ಉಚಿತ ಬೆಂಬಲವು 2025ರ ಅಕ್ಟೋಬರ್ 14ಕ್ಕೆ ಮುಗಿಯಿತು, ವಿಂಡೋಸ್ 11ಕ್ಕೆ ಇಂಟೆಲ್ ಪ್ರೊಸೆಸರಾದರೆ ಸಾಮಾನ್ಯವಾಗಿ ಎಂಟನೆಯ ಪೀಳಿಗೆಯದೋ ಅದಕ್ಕಿಂತ ಈಚಿನದೋ ಇರಬೇಕು. ಪ್ರೊಸೆಸರಿನ ಹೆಸರಿನಲ್ಲಿಯೇ ಇದು ತಿಳಿಯುವುದು. ಐ5-8500ಟಿ ಎಂದಿದ್ದರೆ ಎಂಟನೆಯ ಪೀಳಿಗೆ, ಐ5-10500ಟಿ ಎಂದಿದ್ದರೆ ಹತ್ತನೆಯದು, ಐ5-6500ಟಿ ಎಂದಿದ್ದರೆ ಆರನೆಯದು. ಈ ಕೊನೆಯದು ಎಷ್ಟೇ ಅಗ್ಗವಾದರೂ ಬೇಡ. ಸಾಧಾರಣ ಫೋಟೋ ಕೆಲಸಕ್ಕೆ ಪ್ರತ್ಯೇಕ ಗ್ರಾಫಿಕ್ಸ್ ಕಾರ್ಡು ಅವಶ್ಯವಿಲ್ಲ.

ಹೊಸದನ್ನೇ ಕೊಳ್ಳಬಲ್ಲವರಿಗೆ ಆಪಲ್ ಕಂಪನಿಯ ಮ್ಯಾಕ್ ಮಿನಿಯೂ ಉಂಟು. 2024ರಲ್ಲಿ ಬಂದ ಮಾದರಿಯು ಐದು ಅಂಗುಲ ಚೌಕ, ಎರಡು ಅಂಗುಲ ಎತ್ತರದ್ದು. ಕನಿಷ್ಠ ಮೆಮೊರಿಯೇ 16 ಗಿಗಾಬೈಟು. ಆ ವರ್ಷ ನಮ್ಮ ದೇಶದಲ್ಲಿ ಅದರ ಆರಂಭದ ಕ್ರಯವು 59,900 ರೂಪಾಯಿಯಿತ್ತು. ಕೆಲಸದಲ್ಲಿ ಅದು ಬಹಳ ಚುರುಕು. ಆದರೆ ಅದರ ಮೆಮೊರಿಯನ್ನು ಆಮೇಲೆ ಹೆಚ್ಚಿಸಲಾಗದು. ಮಾನಿಟರಿನ ಹಣವೂ ಬೇರೆ.

ಚಿತ್ರಗಳನ್ನಿಡುವುದಕ್ಕೆ ಯಂತ್ರದೊಳಗೆ 512 ಗಿಗಾಬೈಟಿನ ಎಸ್‌ಎಸ್‌ಡಿ ಇದ್ದರೆ ಆರಂಭಕ್ಕೆ ಸಾಕು. ಆದರೆ ಅದೊಂದನ್ನೇ ನಂಬಬಾರದು. ಗೆದ್ದಲೂ ಮಳೆಗಾಲದ ತೇವವೂ ಪಟಗಳನ್ನು ನಿಧಾನವಾಗಿ ತಿನ್ನುವುವು. ಡಿಸ್ಕು ಕೆಟ್ಟರೆ ಸಾವಿರ ಪಟಗಳು ಒಂದೇ ಕ್ಷಣದಲ್ಲಿ ಹೋಗುವುವು. ಯಂತ್ರದಲ್ಲೊಂದು, ಹೊರಗಿನ ಹಾರ್ಡ್ ಡಿಸ್ಕಿನಲ್ಲೊಂದು, ಬೇರೆ ಮನೆಯಲ್ಲಿ ಅಥವಾ ಇಂಟರ್ನೆಟ್ಟಿನ ಸಂಗ್ರಹದಲ್ಲೊಂದು, ಹೀಗೆ ಮೂರು ಪ್ರತಿಗಳಿರಲಿ. ಗಿರಾಕಿಯ ಮದುವೆ ಎರಡನೆಯ ಸಾರಿ ನಡೆಯುವುದಿಲ್ಲವಷ್ಟೆ!

ತಿದ್ದುವ ಸಾಫ್ಟ್‌ವೇರಿಗೆ ಮೊದಲೇ ಹಣ ಹಾಕಬೇಕಾದುದಿಲ್ಲ. ಗಿಂಪ್ ಮತ್ತು ಡಾರ್ಕ್‌ಟೇಬಲ್ ಎಂಬವು ಉಚಿತವೂ ನ್ಯಾಯಬದ್ಧವೂ ಆಗಿವೆ. ಕಳ್ಳಪ್ರತಿಯನ್ನು ಹಾಕಿಕೊಡುತ್ತೇವೆಂದು ಯಾರಾದರೂ ಹೇಳಿದರೆ ಒಪ್ಪಬೇಡಿರಿ. ಕದ್ದುದರಿಂದ ಕಸಬನ್ನು ಆರಂಭಿಸುವುದು ನಮ್ಮ ಶಾಲೆಯ ಹುಡುಗಿಗೆ ತಕ್ಕದ್ದಲ್ಲ. ಅಂಥ ಪ್ರತಿಗಳ ಜೊತೆಗೆ ವೈರಸ್ಸುಗಳೂ ಬರುವುದುಂಟು.

ಗೋಪುರವನ್ನು ಕಟ್ಟಹೊರಟು, ಮೊದಲೇ ಲೆಕ್ಕ ಹಾಕದೆ ಅರ್ಧದಲ್ಲಿ ನಿಲ್ಲಿಸಿದವನ ಸಾಮ್ಯವನ್ನು ನೀವೆಲ್ಲರೂ ಇಲ್ಲಿಯ ಬೆಂಚುಗಳಲ್ಲಿ ಕುಳಿತು ಕೇಳಿದ್ದೀರಿ. ಅಂಗಡಿಗೆ ಹೋಗುವ ಮುಂಚೆ ಒಂದು ಕಾಗದದ ಮೇಲೆ ಮಾನಿಟರು, ಹೊರಗಿನ ಡಿಸ್ಕು, ಯುಪಿಎಸ್ಸು, ಕೀಲಿಮಣೆ, ಮೌಸು ಎಂದು ಬರೆದು ಅವುಗಳ ಹಣವನ್ನು ಕಳೆಯಿರಿ. ಯಂತ್ರಕ್ಕೆ ಎಷ್ಟುಳಿಯಿತೆಂಬುದು ಆಗ ತಿಳಿಯುವುದು.

1962ರ ಆ ಪಟವು ಈಗ ಸರಿಯಾಗಿದೆ. ಈ ಸಾರಿ ಅಚ್ಚಿಗೆ ಕೊಡುವ ಮುಂಚೆ ಆ ಹಿರಿಯರನ್ನೇ ಕರೆದು ತೋರಿಸಿದೆವು. ಅವರು ಕನ್ನಡಕವನ್ನು ಒರೆಸಿಕೊಂಡು, ಎರಡನೆಯ ಸಾಲಿನ ಒಂದು ಮುಖದ ಮೇಲೆ ಬೆರಳಿಟ್ಟು, “ಹೌದು, ಇವಳೇ ನಾನು,” ಎಂದರು.