ನಿನ್ನೆಯ ಸೆಟ್ಟಿಂಗ್, ಇಂದಿನ ಮಿಂಚುಳ್ಳಿ

ಮೈಸೂರಿನ ರಾಜೀವನಗರದಲ್ಲಿ ಮನೆ ಇರುವ ಹವ್ಯಾಸಿ ಛಾಯಾಗ್ರಾಹಕರಿಗೆ ಒಳ್ಳೆಯ ಚಿತ್ರ ಬೇಕೆಂದರೆ ಊರು ದಾಟಬೇಕಿಲ್ಲ. ಭಾನುವಾರ ಸಂಜೆ ಸುಮಾರು ಒಂದು ಲಕ್ಷ ದೀಪಗಳಿಂದ ಬೆಳಗುವ ಅರಮನೆ ಇದೆ. ಮೃಗಾಲಯದ ಮಗ್ಗುಲಲ್ಲೇ ಹಕ್ಕಿಗಳ ಕಾರಂಜಿ ಕೆರೆ ಇದೆ. ಎರಡಕ್ಕೂ ಕ್ಯಾಮೆರಾ ಒಂದೇ, ಅದನ್ನು ಹೊಂದಿಸುವ ಬಗೆ ಮಾತ್ರ ಪೂರ್ತಿ ತಿರುವುಮುರುವು. ಅರಮನೆ ಅಲುಗಾಡುವುದಿಲ್ಲ. ಕ್ಯಾಮೆರಾವನ್ನು ಟ್ರೈಪಾಡ್ ಮೇಲೆ ಕೂರಿಸಿ, ಮ್ಯಾನುಯಲ್ ಮೋಡ್‌ನಲ್ಲಿ ಐಎಸ್‌ಒ 100, ಎಫ್/8, ಶಟರ್ 2 ಸೆಕೆಂಡ್ ಎಂದು ಇಟ್ಟು, ಬೆರಳಿನ ಅದುರು ತಾಗದಿರಲೆಂದು 2 ಸೆಕೆಂಡಿನ ಸೆಲ್ಫ್ ಟೈಮರ್ ಹಾಕಿದರೆ ಚಿತ್ರ ಸೊಗಸಾಗಿ ಬರುತ್ತದೆ. ಖುಷಿಯಲ್ಲೇ ಕ್ಯಾಮೆರಾ ಚೀಲ ಸೇರುತ್ತದೆ.

ಮರುದಿನ ಬೆಳಿಗ್ಗೆ ಕೆರೆಯಂಚಿನ ಕೊಂಬೆಯ ಮೇಲೆ ಮಿಂಚುಳ್ಳಿ. ಬಟನ್ ಒತ್ತಿದರೆ ಕ್ಲಿಕ್ ಸದ್ದಿಲ್ಲ, ಟೈಮರ್ ದೀಪ ಮಿನುಗುತ್ತದೆ. ಸೆಕೆಂಡಿಗೆ 10 ಮೀಟರ್ ವೇಗದಲ್ಲಿ ಹಾರುವ ಹಕ್ಕಿ ಅಷ್ಟರಲ್ಲಿ 20 ಮೀಟರ್ ಆಚೆ ಇರುತ್ತದೆ. ಕೊನೆಗೂ ತೆರೆದುಕೊಂಡ ಶಟರ್ ಇನ್ನೆರಡು ಸೆಕೆಂಡ್ ಮುಚ್ಚುವುದಿಲ್ಲ. ಒಳ್ಳೆಯ ಬಿಸಿಲಿನಲ್ಲಿ ಐಎಸ್‌ಒ 100, ಎಫ್/8ಕ್ಕೆ ಬೇಕಾದದ್ದು ಸೆಕೆಂಡಿನ 400ನೇ ಒಂದು ಭಾಗದಷ್ಟು ಹೊತ್ತಿನ ಬೆಳಕು. ಒಳಗೆ ಬಿದ್ದದ್ದು ಅದರ 800 ಪಟ್ಟು. ಪರದೆಯ ಮೇಲೆ ಹಕ್ಕಿಯೂ ಇಲ್ಲ, ಕೊಂಬೆಯೂ ಇಲ್ಲ, ಬರೀ ಬಿಳಿ.

ಇಲ್ಲಿ ಕ್ಯಾಮೆರಾ ಕೆಟ್ಟಿಲ್ಲ. ವಿದ್ಯುತ್ ಇಲ್ಲದಿದ್ದರೂ ಅಳಿಯದ ಮೆಮೊರಿಯಲ್ಲಿ ಅದು ಕೊನೆಯ ಸೆಟ್ಟಿಂಗ್‌ಗಳನ್ನು ಕಾಪಾಡಿಕೊಂಡಿರುತ್ತದೆ. ಸ್ವಿಚ್ ಆಫ್ ಮಾಡಿದಾಗಲೆಲ್ಲ ಎಲ್ಲವೂ ಮೊದಲಿನಂತಾದರೆ ದಿನವಿಡೀ ಒಂದೇ ಬಗೆಯ ಕೆಲಸ ಮಾಡುವವರಿಗೆ ಅದೇ ದೊಡ್ಡ ತೊಂದರೆ.

ಹಾಗಾದರೆ ಮನುಷ್ಯ ಯಾಕೆ ಮರೆಯುತ್ತಾನೆ? ಮನೋವಿಜ್ಞಾನಿಗಳಾದ ಮೈಕೆಲ್ ಬರ್ನ್ ಮತ್ತು ಸೂಸನ್ ಬೊವೇರ್ 1997ರಲ್ಲಿ ಪ್ರಕಟಿಸಿದ ಅಧ್ಯಯನ ಇದಕ್ಕೆ ಒಳ್ಳೆಯ ವಿವರಣೆ ಕೊಡುತ್ತದೆ. ಕೆಲಸದ ಮುಖ್ಯ ಗುರಿ ಮುಟ್ಟಿದೊಡನೆ ಮನಸ್ಸು ಆ ಕೆಲಸವನ್ನೇ ಕೈಬಿಡುತ್ತದೆ. ಗುರಿಯ ನಂತರ ಉಳಿಯುವ ಸಣ್ಣ ಹೆಜ್ಜೆ ತಪ್ಪಿಹೋಗುತ್ತದೆ. ತಲೆಯಲ್ಲಿ ಬೇರೆ ಹೊರೆ ಇದ್ದಷ್ಟೂ ಈ ತಪ್ಪು ಹೆಚ್ಚು. ಜೆರಾಕ್ಸ್ ಪ್ರತಿ ಕೈಗೆ ಬಂದ ಮೇಲೆ ಮೂಲ ಪತ್ರವನ್ನು ಯಂತ್ರದಲ್ಲೇ ಬಿಟ್ಟು ಬರುವುದು ಇದೇ ಬಗೆಯದು. ಅದಕ್ಕಾಗಿಯೇ ಹಲವು ಎಟಿಎಂಗಳು ಮೊದಲು ಕಾರ್ಡ್ ಹಿಂದಿರುಗಿಸಿ, ಆಮೇಲೆ ಹಣ ಕೊಡುತ್ತವೆ. ಕ್ಯಾಮೆರಾದಲ್ಲಿ ಅಂಥ ಏರ್ಪಾಡಿಲ್ಲ. ಅರಮನೆಯ ಚಿತ್ರ ಸಿಕ್ಕಿತು, ಕೆಲಸ ಮುಗಿಯಿತು. ಟೈಮರ್ ತೆಗೆಯಬೇಕಾದ ಹೆಜ್ಜೆ ಮುಗಿದ ಕೆಲಸದ ಆಚೆಗೆ ಉಳಿದುಬಿಟ್ಟಿತು.

ಫಿಲ್ಮ್ ಕಾಲದಲ್ಲೂ ಈ ಕಷ್ಟ ಇತ್ತು. ಕರ್ನಾಟಕದ ವನ್ಯಜೀವಿ ಛಾಯಾಗ್ರಹಣಕ್ಕೆ ಹೆಸರು ತಂದ ಎಂ.ವೈ. ಘೋರ್ಪಡೆ, ಇ. ಹನುಮಂತರಾವ್, ಟಿ.ಎನ್.ಎ. ಪೆರುಮಾಳ್ ಅವರ ಪೀಳಿಗೆಗೆ ಒಂದು ರೋಲ್‌ನಲ್ಲಿ ಸಾಮಾನ್ಯವಾಗಿ 36 ಚಿತ್ರ. ರೋಲ್ ಬದಲಿಸಿದಾಗ ಅದರ ವೇಗಕ್ಕೆ ತಕ್ಕಂತೆ ಡಯಲ್ ತಿರುಗಿಸಲು ಮರೆತರೆ 36ಕ್ಕೆ 36ರ ಎಕ್ಸ್‌ಪೋಷರ್ ತಪ್ಪುತ್ತಿತ್ತು, ಅದು ತಿಳಿಯುತ್ತಿದ್ದುದು ತೊಳೆದ ಮೇಲೆ. 1983ರಲ್ಲಿ ಕೊಡಕ್ ತಂದ ಡಿಎಕ್ಸ್ ಕೋಡ್ ಈ ಮರೆವಿಗೆ ಮದ್ದಾಯಿತು: ಫಿಲ್ಮ್ ಡಬ್ಬಿಯ ಮೇಲಿನ ಗುರುತನ್ನು ಕ್ಯಾಮೆರಾ ತಾನೇ ಓದಿಕೊಳ್ಳುತ್ತಿತ್ತು. ಡಿಜಿಟಲ್ ಬಂದು ಪ್ರತಿ ಚಿತ್ರಕ್ಕೂ ಐಎಸ್‌ಒ ಬದಲಿಸುವ ಸ್ವಾತಂತ್ರ್ಯ ಕೊಟ್ಟಿತು. ಅದರ ಜೊತೆಗೆ ಹಳೆಯ ಮರೆವೂ ಮರಳಿತು.

ಎಲ್ಲ ಮರೆವಿನ ದಂಡವೂ ಒಂದೇ ಅಲ್ಲ. ರಾ ಫೈಲ್ ಇದ್ದರೆ ತಪ್ಪಾದ ವೈಟ್ ಬ್ಯಾಲೆನ್ಸ್ ಅನ್ನು ಕಂಪ್ಯೂಟರಿನಲ್ಲಿ ಪೂರ್ತಿ ಸರಿಪಡಿಸಬಹುದು. ಚಿತ್ರ ಸ್ವಲ್ಪ ಕತ್ತಲಾಗಿದ್ದರೂ ಎತ್ತಬಹುದು, ನೆರಳಿನಲ್ಲಿ ಕಾಳುಕಾಳಾದ ನಾಯ್ಸ್ ಹೆಚ್ಚುತ್ತದೆ ಅಷ್ಟೆ. ಬೆಳಕು ಮಿತಿಮೀರಿದರೆ ಮಾತ್ರ ದಾರಿಯಿಲ್ಲ. ಸೆನ್ಸರಿನ ಪ್ರತಿ ಪಿಕ್ಸೆಲ್ ಹಿಡಿದಿಡಬಲ್ಲ ಎಲೆಕ್ಟ್ರಾನ್‌ಗಳಿಗೆ ಒಂದು ಮಿತಿಯಿದೆ; ತುಂಬಿದ ಬಿಂದಿಗೆಯಿಂದ ಎಷ್ಟು ನೀರು ಹೊರಚೆಲ್ಲಿತು ಎಂದು ಬಿಂದಿಗೆ ನೋಡಿ ಹೇಳಲಾಗದು. ಕದಲಿ ಮಸುಕಾದ ಚಿತ್ರದ್ದೂ ಹೆಚ್ಚುಕಡಿಮೆ ಇದೇ ಪಾಡು. ಸೆಕೆಂಡಿಗೆ 10 ಮೀಟರ್ ಸಾಗುವ ಹಕ್ಕಿ ಸೆಕೆಂಡಿನ 60ನೇ ಒಂದು ಭಾಗದಲ್ಲಿ ಸುಮಾರು 17 ಸೆಂಟಿಮೀಟರ್ ಸರಿಯುತ್ತದೆ, ಅಂದರೆ ಪುಟ್ಟ ಮಿಂಚುಳ್ಳಿಯ ಇಡೀ ಮೈಯುದ್ದ. 2000ನೇ ಒಂದು ಭಾಗದಲ್ಲಾದರೆ ಬರೀ 5 ಮಿಲಿಮೀಟರ್.

ಎಕ್ಸ್‌ಪೋಷರ್ ಕಾಂಪೆನ್ಸೇಷನ್ ಇನ್ನೂ ಗುಟ್ಟಾಗಿ ಕಾಡುತ್ತದೆ. ಕ್ಯಾಮೆರಾದ ಮೀಟರ್ ಕಂಡದ್ದನ್ನೆಲ್ಲ ನಡುಬೂದು ಎಂದೇ ಎಣಿಸುತ್ತದೆ. ಹಾಗಾಗಿ ಬೆಳ್ಳಕ್ಕಿ ಬೆಳ್ಳಗೇ ಕಾಣಲು ಪ್ಲಸ್ 1 ಬೇಕಾಗುತ್ತದೆ, ಕಪ್ಪು ಕಾಟಿ ಕಪ್ಪಗೆ ಉಳಿಯಲು ಮೈನಸ್ 1. ಬೆಳ್ಳಕ್ಕಿಗೆ ಇಟ್ಟದ್ದನ್ನು ಬದಲಿಸದೆ ಕಾಟಿಗೆ ಗುರಿಯಿಟ್ಟರೆ ಬೇಕಾದ್ದಕ್ಕಿಂತ ನಾಲ್ಕು ಪಟ್ಟು ಬೆಳಕು ಬೀಳುತ್ತದೆ.

ಮಿರರ್‌ಲೆಸ್ ಕ್ಯಾಮೆರಾಗಳು ಅರ್ಧ ನೆರವಿಗೆ ಬಂದಿವೆ. ಹಳೆಯ ಡಿಎಸ್‌ಎಲ್‌ಆರ್‌ನ ಕನ್ನಡಿ ಕಣ್ಣಿಗೆ ಕಾಣುವ ದೃಶ್ಯವನ್ನೇ ತೋರಿಸುತ್ತಿತ್ತು. ಇವುಗಳ ವ್ಯೂಫೈಂಡರ್ ಎಕ್ಸ್‌ಪೋಷರ್ ಹೇಗೆ ಬರಲಿದೆ ಎಂಬುದನ್ನೇ ಮೊದಲು ತೋರಿಸಬಲ್ಲದು. 2016ರಲ್ಲಿ ಒಲಿಂಪಸ್ ತಂದ ಪ್ರೊ ಕ್ಯಾಪ್ಚರ್ ಸೌಲಭ್ಯವಂತೂ ಬಟನ್ ಪೂರ್ತಿ ಒತ್ತುವ ಮುಂಚಿನ ಕ್ಷಣಗಳನ್ನೂ ಉಳಿಸುತ್ತದೆ. ಆದರೆ ಶಟರ್ ವೇಗ ಕಡಿಮೆಯಿದ್ದರೆ ಆ ಕ್ಷಣಗಳೂ ಮಸುಕೇ.

ಕಾಡಿನಲ್ಲಿ ಇಂಥ ಮರೆವಿಗೆ ತೆರಬೇಕಾದ ಬೆಲೆ ದೊಡ್ಡದು. ಮೈಸೂರಿನ ಕೃಪಾಕರ–ಸೇನಾನಿ ಕೆನ್ನಾಯಿಗಳ ಹಿಂದೆ ವರ್ಷಗಟ್ಟಲೆ ಅಲೆದು ಮಾಡಿದ ‘ದಿ ಪ್ಯಾಕ್’ ಸರಣಿ 2010ರಲ್ಲಿ ‘ಗ್ರೀನ್ ಆಸ್ಕರ್’ ಎಂದೇ ಕರೆಸಿಕೊಳ್ಳುವ ಪಾಂಡಾ ಪ್ರಶಸ್ತಿ ಪಡೆಯಿತು. ಅಷ್ಟು ಕಾದ ಮೇಲೆ ಕಣ್ಣೆದುರು ಬರುವ ಬೇಟೆಯೋ ಮರಿಗಳ ಆಟವೋ ಇನ್ನೊಮ್ಮೆ ಸಿಗುತ್ತದೆಂಬ ಭರವಸೆಯಿಲ್ಲ. ನಾಗರಹೊಳೆಯಲ್ಲಿ ಒಂದೇ ಬೆಳಗಿನಲ್ಲಿ ಬೆಳಕು ಎಷ್ಟು ಬದಲಾಗುತ್ತದೆ ನೋಡಿ: ಮರಗಳ ಮಬ್ಬಿನಲ್ಲಿ ಐಎಸ್‌ಒ 6400, ಎಫ್/5.6 ಸರಿ. ಅದೇ ಸೆಟ್ಟಿಂಗ್‌ನಲ್ಲಿ ಕಬಿನಿ ಹಿನ್ನೀರಿನ ಬಯಲು ಬಿಸಿಲಿಗೆ ಬಂದರೆ ಬೇಕಾಗುವ ಶಟರ್ ವೇಗ ಸೆಕೆಂಡಿನ 51,200ನೇ ಒಂದು ಭಾಗ. ಯಾಂತ್ರಿಕ ಶಟರ್‌ನ ಮಿತಿ ಎಷ್ಟೋ ಕ್ಯಾಮೆರಾಗಳಲ್ಲಿ 8000ನೇ ಒಂದು ಭಾಗ. ಆಗ ಬೆಳಕು 6.4 ಪಟ್ಟು ಹೆಚ್ಚಾಗುತ್ತದೆ.

ಹಾಗಾಗಿ ಪ್ರಾಣಿಗೆ ಹೊಂದುವ ಸೆಟ್ಟಿಂಗನ್ನೇ ಕ್ಯಾಮೆರಾದ ವಿಶ್ರಾಂತ ಸ್ಥಿತಿಯನ್ನಾಗಿ ಮಾಡಿಕೊಳ್ಳುವುದು ಲೇಸು. ಕ್ಯಾನನ್‌ನ ಹಲವು ಮಾದರಿಗಳಲ್ಲಿ ಸಿ1, ನಿಕಾನ್‌ನ ಹಲವು ಮಾದರಿಗಳಲ್ಲಿ ಯು1 ಎಂಬ ಸ್ಥಾನ ಇದಕ್ಕಾಗಿಯೇ ಇದೆ. ವೇಗದ ಶಟರ್, ಆಟೋ ಐಎಸ್‌ಒ, ಬಿಡದೆ ಹಿಂಬಾಲಿಸುವ ಫೋಕಸ್, ಸೊನ್ನೆ ಕಾಂಪೆನ್ಸೇಷನ್ ಅಲ್ಲಿ ಸೇರಿಸಿಟ್ಟರೆ ಡಯಲ್‌ನ ಒಂದು ತಿರುವಿಗೆ ಎಲ್ಲವೂ ಸಿದ್ಧ. ಲೆನ್ಸಿನ ಮೇಲಿನ ಸ್ವಿಚ್‌ಗಳಿಗೆ ಇದು ಅನ್ವಯಿಸುವುದಿಲ್ಲ. ಫೋಕಸ್ ಲಿಮಿಟರ್ 6 ಮೀಟರ್‌ನಿಂದ ಆಚೆಗೆ ಎಂದಿದ್ದರೆ 4 ಮೀಟರ್ ದೂರದ ಕೊಂಬೆಯ ಹಕ್ಕಿ ಸ್ಪಷ್ಟವಾಗುವುದೇ ಇಲ್ಲ. ಅದನ್ನು ಕೈಯಾರೆ ಮುಟ್ಟಿ ನೋಡಬೇಕು.

ಹೊರಟ ಕೂಡಲೇ ಯಾವುದಾದರೂ ಹತ್ತಿರದ ಮರದ ಕಾಂಡದ ಒಂದು ಚಿತ್ರ ತೆಗೆದು ಪರದೆಯಲ್ಲಿ ನೋಡುವ ಅಭ್ಯಾಸವೂ ಒಳ್ಳೆಯದು. ಟೈಮರ್, ಶಟರ್, ಐಎಸ್‌ಒ, ಲಿಮಿಟರ್, ಮನೆಯಲ್ಲೇ ಉಳಿದ ಮೆಮೊರಿ ಕಾರ್ಡ್ – ಐದರಲ್ಲಿ ಯಾವುದು ತಪ್ಪಿದ್ದರೂ ಹಕ್ಕಿ ಕಾಣುವ ಮೊದಲೇ ಆ ಒಂದು ಚಿತ್ರದಲ್ಲಿ ಗೊತ್ತಾಗುತ್ತದೆ.